ವಾಸನೆ ಮೇಲಕ್ಕೇ ಹೋಗುತ್ತದೆ

ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ವಾಸನೆ ಗಾಳಿಯಲ್ಲಿ ಹೇಗೆ ಹರಡುತ್ತದೆ ಎಂಬ ಪಾಠವನ್ನು ಪ್ರತಿವರ್ಷ ಮಾಡುತ್ತೇನೆ. ಮಕ್ಕಳಿಗೆ ಅರ್ಥವಾಗುತ್ತದೋ ಇಲ್ಲವೋ, ವಾಸನೆ ಮಾತ್ರ ನನ್ನ ಬೆನ್ನು ಬಿಟ್ಟಿಲ್ಲ.

ಖಾಲಿ ಚೀಲ

ತ್ಯಾಗರಾಜನಗರದಲ್ಲಿ ನಮಗೆ ಮೊದಲ ಮಹಡಿಯ ಮನೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಓನರಮ್ಮ ಒಬ್ಬರೇ. ನಮ್ಮಿಬ್ಬರ ಕೆಲಸ, ಸಂಬಳ ಯಾವುದನ್ನೂ ಅವರು ವಿಚಾರಿಸಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಒಳಗೆ ಬರಕೂಡದು, ಬಂದರೆ ಅವತ್ತೇ ಮನೆ ಖಾಲಿ ಮಾಡಬೇಕು ಎಂದರು. ನಮ್ಮವರು ನನಗಿಂತ ಮೊದಲೇ ತಲೆಯಾಡಿಸಿದರು. ಆಫೀಸಿಗೆ ನಡೆದೇ ಹೋಗಬಹುದಾದ ಮನೆ ಸಿಕ್ಕರೆ ಅವರು ಅನ್ನ ಬಿಡುವುದಕ್ಕೂ ತಯಾರಿದ್ದರು.

ಸಾಮಾನು ಕಟ್ಟಲು ಮಾರ್ಕೆಟ್ಟಿನಿಂದ ಖಾಲಿ ಗೋಣಿಚೀಲ ತಂದಿದ್ದೆವು. ಅವನ್ನು ಆಟೋದಿಂದ ಇಳಿಸುವಾಗ ಓನರಮ್ಮ ಗೇಟಿನಲ್ಲಿ ನಿಂತಿದ್ದರು. ಒಂದು ಚೀಲ ಹತ್ತಿರ ಬಂದದ್ದೇ ತಡೆದರು. ಅದು ಹಿಂದೆ ಬೆಳ್ಳುಳ್ಳಿ ತುಂಬಿದ್ದ ಚೀಲವಂತೆ. ಈಗ ಅದರಲ್ಲಿದ್ದದ್ದು ನಮ್ಮ ದೇವರ ವಿಗ್ರಹಗಳು.

"ದೇವ್ರು ಒಳಗೆ ಬರ್ಲಿ," ಎಂದರು. "ಚೀಲ ಅಲ್ಲೇ ಇರ್ಲಿ."

ಊದುಬತ್ತಿ

ತರಗತಿಯ ಮೂಲೆಯಲ್ಲಿ ಒಂದು ಊದುಬತ್ತಿ ಹಚ್ಚಿಟ್ಟೆ. ಎಲ್ಲರೂ ಕಣ್ಣು ಮುಚ್ಚಿಕೊಳ್ಳಿ, ವಾಸನೆ ಬಂದವರು ಕೈ ಎತ್ತಿ ಎಂದೆ. ಹತ್ತಿರದವರು ಮೊದಲು, ದೂರದವರು ಆಮೇಲೆ ಎತ್ತಬೇಕು. ಪಾಠ ಇರುವುದೇ ಅಷ್ಟು. ಎಷ್ಟು ಹೊತ್ತಾದರೂ ಒಂದು ಕೈಯೂ ಏಳಲಿಲ್ಲ. ನೋಡಿದರೆ ಅಷ್ಟೂ ಮಕ್ಕಳು ಕೈ ಮುಗಿದು ಕೂತಿದ್ದಾರೆ. ಮುಂದಿನ ಬೆಂಚಿನ ಹುಡುಗಿಯನ್ನು ವಾಸನೆ ಬಂತಾ ಎಂದು ಕೇಳಿದೆ.

"ಬಂತು ಮಿಸ್. ಪ್ರಸಾದ ಏನು?"

ಈರುಳ್ಳಿ ಹುಳಿ

ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುವ ವಾರವೇ ನಮ್ಮವರಿಗೆ ಜ್ವರ ಬಂತು. ನಾಲಿಗೆ ಕೆಟ್ಟಿದೆ, ಈರುಳ್ಳಿ ಹುಳಿ ಇಲ್ಲದೆ ಅನ್ನ ಇಳಿಯುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮನೆ ಕೈತಪ್ಪುವ ಭಯ ಒಂದು ಕಡೆ. ಗೋಡೆಗೆ ತಿರುಗಿದ ಅವರ ಬೆನ್ನು ಇನ್ನೊಂದು ಕಡೆ. ಕೊನೆಗೆ ವಿಜ್ಞಾನದ ಮೊರೆ ಹೋದೆ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಓನರಮ್ಮ ಇರುವುದು ಕೆಳಗೆ. ಕಿಟಕಿ ಪೂರ್ತಿ ತೆಗೆದು ಈರುಳ್ಳಿ ಹುರಿದೆ. ಕೆಳಗಿನಿಂದ ಸದ್ದಿಲ್ಲ. ನಮ್ಮವರು ಎರಡು ಸಲ ಬಡಿಸಿಕೊಂಡರು.

ಆ ಕಿಟಕಿಯ ನೇರಕ್ಕೆ, ಮೇಲೆ ಟೆರೇಸಿನಲ್ಲಿ, ಓನರಮ್ಮನ ಮಡಿಸೀರೆ ಒಣಗುತ್ತಿತ್ತು. ಮರುದಿನ ಮಠದಲ್ಲಿ ಆರಾಧನೆಯ ಊಟ. ಅದಕ್ಕೆಂದು ಯಾರೂ ಮುಟ್ಟದಂತೆ ಕೋಲಿನಿಂದ ಎತ್ತರದ ತಂತಿಗೆ ಹಾಕಿದ್ದ ಸೀರೆ. ವಿಜ್ಞಾನ ತಪ್ಪಲಿಲ್ಲ. ಸೀರೆಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ.

ಬೆಳಿಗ್ಗೆ ಆ ಸೀರೆ ಉಟ್ಟು ಓನರಮ್ಮ ನಮ್ಮ ಬಾಗಿಲಿಗೆ ಬಂದರು. ಈರುಳ್ಳಿ ವಾಸನೆ ಬರುತ್ತಿದೆ ಎಂದರು. ತಾವು ಏನನ್ನೂ ಮುಟ್ಟದೆ, ಡಬ್ಬಗಳನ್ನೆಲ್ಲ ನನ್ನ ಕೈಯಲ್ಲೇ ತೆಗೆಸಿ ನೋಡಿದರು. ಒಂದು ಸಿಪ್ಪೆಯೂ ಸಿಗಲಿಲ್ಲ. ಅಗ್ರಿಮೆಂಟಿನ ವಿಷಯ ಸಂಜೆ ಮಾತಾಡೋಣ ಎಂದು ಹೇಳಿ ಮಠಕ್ಕೆ ಹೊರಟರು. ನಮ್ಮವರು ಜ್ವರದಲ್ಲೇ ಎದ್ದು ಕೂತು ಫೋನಿನಲ್ಲಿ ಬೇರೆ ಮನೆ ಹುಡುಕತೊಡಗಿದರು. ನನಗೆ ಅಳುವೇ ಬಂದಿತ್ತು.

ಸಂಜೆ ಓನರಮ್ಮ ಮಡಿ ಬಿಚ್ಚಿ, ದಿನನಿತ್ಯದ ಸೀರೆ ಉಟ್ಟು ಮೇಲೆ ಬಂದರು. ಪೂರ್ತಿ ಸೋತುಹೋಗಿದ್ದರು. ಕುರ್ಚಿಯಲ್ಲಿ ಕೂತು ನೀರು ಕೇಳಿ ಕುಡಿದರು.

"ನಿಮ್ಮೇಲೆ ಸುಮ್ನೆ ಅನುಮಾನ ಪಟ್ಟೆ ಕಣಮ್ಮ. ಬೆಳಿಗ್ಗೆ ಕೆಳಗಿಳಿದ್ರೆ ನಮ್ಮ ದೇವರಮನೇಲೂ ಅದೇ ವಾಸನೆ. ರಸ್ತೆ ಉದ್ದಕ್ಕೂ ಅದೇ. ಮಠದಲ್ಲಿ ಊಟಕ್ಕೆ ಕೂತ್ರೆ ಪಾಯಸದಲ್ಲೂ ಅದೇ. ಅಡುಗೆಭಟ್ಟರು ದೇವರಾಣೆ ಹಾಕಿದ್ರು, ನಂಬೋದು ಹೇಗೆ?"

ನಾನು ಖಾಲಿ ಲೋಟ ತೆಗೆದುಕೊಂಡೆ. ಅವರು ಮೂಗೆತ್ತಿ ನಮ್ಮ ಮನೆಯ ಗಾಳಿಯನ್ನು ಒಮ್ಮೆ ದೀರ್ಘವಾಗಿ ಎಳೆದುಕೊಂಡರು.

"ಇಲ್ಲಿ ಮಾತ್ರ ಈಗ ಒಂಚೂರೂ ಇಲ್ಲ. ಇಡೀ ಬಡಾವಣೇಲಿ ಶುದ್ಧವಾಗಿರೋದು ಇದೊಂದೇ ಮನೆ. ನೀವು ಎಲ್ಲೂ ಹೋಗ್ಕೂಡ್ದು."