ಮೆಣಸಿನಕಾಯಿ ಚೀಲದ ಮೇಲೆ ಉಸಿರಿನ ಯಂತ್ರ

ಮಲಗುವುದಕ್ಕೂ ಒಂದು ಶಿಸ್ತು ಬೇಕೆಂದು ನಂಬಿದವನು ನಾನು. ಅಣ್ಣಿಗೇರಿ ಹತ್ತಿರದ ನಮ್ಮೂರ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿ ನಿವೃತ್ತನಾದ ನನಗೆ ದಿಂಬಿಗೆ ತಲೆ ತಾಗಿದೊಡನೆ ನಿದ್ದೆ. ಗೊರಕೆಯೂ ಜೋರು. ಇದನ್ನು ನಾನು ಆರೋಗ್ಯವೆಂದು ತಿಳಿದಿದ್ದೆ. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ ರೋಗವೆಂದರು!

"ನಿದ್ದ್ಯಾಗ ನಿಮ್ಮ ಗಂಟ್ಲ ಮುಚ್ಚಿ ಉಸ್ರು ನಿಂದರತೈತ್ರಿ. ಮಿದುಳು ಗಾಬರಿಯಾಗಿ ಎಬ್ಬಸತೈತಿ. ರಾತ್ರಿಯೆಲ್ಲಾ ಇದ ನಡದೈತಿ. ಹಿಂಗ ಬಿಟ್ರ ಹೃದಯಕ್ಕ ಪೆಟ್ಟು."

ನನ್ನ ಅಪ್ಪಣೆಯಿಲ್ಲದೆ ನನ್ನ ಉಸಿರು ನಿಲ್ಲುವುದೇ! ಒಪ್ಪುತ್ತಿರಲಿಲ್ಲ. ಆದರೆ ಸಾಕ್ಷಿ ಪಕ್ಕದಲ್ಲೇ ಕೂತಿತ್ತು. ಹೆಂಡತಿ ಶಾಂತವ್ವ.

"ಖರೇನ ಐತ್ರಿ. ಇವರ ಉಸ್ರು ನಿಂತಾಗೊಮ್ಮೆ ಎದಿ ಮ್ಯಾಲೆ ಕೈ ಇಟ್ಕೊಂಡು ಕುಂದರತೇನಿ. ತಿರುಗಿ ಬಂತು, ಇನ್ನ ಮಕ್ಕೋಬೇಕು ಅನ್ನೂದ್ರಾಗ ಮತ್ತ ನಿಂದರತೈತಿ."

ಅವಳು ನೆಟ್ಟಗೆ ನಿದ್ದೆ ಮಾಡಿ ತಿಂಗಳುಗಳೇ ಆಗಿದ್ದವು. ಮೊನ್ನೆ ರೊಟ್ಟಿ ಬೇಯಿಸುತ್ತ ತೂಕಡಿಸಿ, ಕೈ ಹಂಚಿಗೆ ತಾಗಿ ಗುಳ್ಳೆ ಎದ್ದಿತ್ತು. ಆ ಗುಳ್ಳೆ ನೋಡಿದ ಮೇಲೆ ನನ್ನ ವಾದ ಮುಗಿಯಿತು. ಮೂಗಿಗೆ ಮುಖವಾಡ ಹಾಕಿ, ಕೊಳವೆಯಿಂದ ಗಾಳಿ ಒತ್ತಿ, ಗಂಟಲನ್ನು ತೆರೆದಿಡುವ ಯಂತ್ರವನ್ನು ತಂದೆ.

ಯಂತ್ರ ಸ್ವಚ್ಛವಾಗಿರಲಿ ಎಂದಿದ್ದರು ಡಾಕ್ಟರು. ನನಗೆ ಸ್ವಚ್ಛತೆಯ ಪಾಠವೇ! ಗಾಳಿ ಸೋಸಲೆಂದು ಹಿಂದುಗಡೆ ಇಟ್ಟಿದ್ದ ಸ್ಪಂಜನ್ನು ಕಿತ್ತು, ಸೋಪು ಹಚ್ಚಿ ತೊಳೆದು, ಹಗ್ಗದ ಮೇಲೆ ಒಣಹಾಕಿದೆ. ಯಂತ್ರ ಮಂಚದ ಪಕ್ಕದಲ್ಲಿರಲಿ ಎಂದಿದ್ದರು. ಸ್ಟೂಲು ಇರಲಿಲ್ಲ. ಆದರೆ ಬ್ಯಾಡಗಿ ಪೇಟೆಗೆ ಹೊರಡಬೇಕಿದ್ದ ನಮ್ಮ ಹೊಲದ ಒಣಮೆಣಸಿನಕಾಯಿ ಚೀಲಗಳು ಮಲಗುವ ಕೋಣೆಯಲ್ಲೇ ಇದ್ದವು. ಒಂದನ್ನು ಎಳೆದು, ಗುದ್ದಿ ಸಪಾಟು ಮಾಡಿ, ಯಂತ್ರವನ್ನು ಅದರ ಮೇಲೆ ಪ್ರತಿಷ್ಠಾಪಿಸಿದೆ.

"ಅಲ್ಲಿ ಬ್ಯಾಡ್ರಿ," ಎಂದಳು ಶಾಂತವ್ವ.

"ನೀ ಸುಮ್ನ ಕುಂದರ. ಅಗದಿ ಲೆವೆಲ್ ಐತಿ."

ಮಧ್ಯಾಹ್ನದ ಪ್ರಾತ್ಯಕ್ಷಿಕೆಗೆ ನೆರೆಮನೆಯ ಖಾದರಸಾಬರನ್ನೂ ಆಹ್ವಾನಿಸಿದ್ದೆ. ಮುಖವಾಡದ ಪಟ್ಟಿ ಬಿಗಿದು, ಗುಂಡಿ ಒತ್ತಿ, ಆಳವಾಗಿ ಉಸಿರೆಳೆದೆ.

ಎಳೆಯಬಾರದಿತ್ತು!

ಯಂತ್ರ ತನ್ನ ಕರ್ತವ್ಯವನ್ನು ನಿಷ್ಠೆಯಿಂದ ನೆರವೇರಿಸಿತು. ತಡೆಯಲು ಸ್ಪಂಜೂ ಇಲ್ಲದೆ, ಗುದ್ದಿಸಿಕೊಂಡ ಚೀಲದ ಘಾಟನ್ನೆಲ್ಲ ಹೀರಿ, ಒತ್ತಡ ಕೊಟ್ಟು, ನೇರವಾಗಿ ನನ್ನ ಮೂಗಿಗೆ ತಲುಪಿಸಿತು. ಕಣ್ಣು ಕುರುಡಾಯಿತು. ಪಟ್ಟಿ ಬಿಚ್ಚಲು ಬರಲಿಲ್ಲ. ಅಂಗಳಕ್ಕೆ ಓಡಿದೆ. ಕೊಳವೆಯ ಹಿಂದೆ ಯಂತ್ರವೂ ಓಡಿಬಂತು!

"ಗಂಟ್ಲ ಛಲೋ ತೆರಕೊಂತಲ್ರೀ ಮಾಸ್ತರ!" ಎಂದರು ಖಾದರಸಾಬರು, ತಾವೂ ಕೆಮ್ಮುತ್ತ.

ಶಾಂತವ್ವ ನಗಲಿಲ್ಲ. ಗುಳ್ಳೆ ಎದ್ದ ಕೈಯಿಂದಲೇ ನನ್ನ ಮುಖಕ್ಕೆ ನೀರು ಎರಚಿದಳು.

"ನನಗ ಒಂದ ರಾತ್ರಿ ನಿದ್ದಿ ಕೊಡ್ರಿ. ಇಲ್ಲಾಂದ್ರ ಶಲವಡಿಗೆ ತಂಗಿ ಮನಿಗೆ ಹೋಗತೇನಿ. ನಿಮ್ಮ ಉಸ್ರು ನೀವ ನೋಡ್ಕೋರಿ."

ನನ್ನ ಉಸಿರನ್ನು ನಾನು ನೋಡಿಕೊಳ್ಳಲಾರೆ ಎಂಬುದೇ ರೋಗ.

ಕೊಳವೆ, ಮುಖವಾಡ ತೊಳೆದೆ. ಒಣಗಿದ ಸ್ಪಂಜನ್ನು ಅದರ ಜಾಗಕ್ಕೆ ಸೇರಿಸಿದೆ. ಕೋಣೆಯ ಘಾಟು ಇಳಿದಿರಲಿಲ್ಲ. ಕಿಟಕಿಯಿಂದ ವೈರು ಎಳೆದು, ಮನೆಯ ಮುಂದಿನ ಕಟ್ಟೆಯ ಮೇಲೆ ಮಲಗಿದೆ. ಶಾಂತವ್ವ ಪಡಸಾಲೆಯಲ್ಲಿ ಹಾಸಿಕೊಂಡಳು.

ಎಚ್ಚರವಾದಾಗ ಬಿಸಿಲು ಬಿದ್ದಿತ್ತು. ತಲೆ ಹಗುರವಾಗಿತ್ತು. ಬಾಗಿಲ ಸಂದಿಯಿಂದ ಕಂಡಂತೆ, ಒಳಗೆ ಶಾಂತವ್ವ ಇನ್ನೂ ಮಲಗಿದ್ದಳು, ಮಗುವಿನ ಹಾಗೆ. ಯಂತ್ರ ಗೆದ್ದಿತ್ತು!

ಆದರೆ ಕಟ್ಟೆಯ ಸುತ್ತ ಓಣಿಯೇ ನೆರೆದಿತ್ತು. ಮುಖವಾಡ, ಕೊಳವೆ, ಘಾಟಿಗೆ ಊದಿದ ನನ್ನ ಕಣ್ಣು. ಇಷ್ಟನ್ನು ಕಂಡ ಹಾಲಿನವನು ಮಾಸ್ತರರದು ಇನ್ನೇನು ಮುಗಿಯಿತೆಂದು ಸಾರಿಬಂದಿದ್ದ. ಒಬ್ಬರ ಕೈಯಲ್ಲಿ ಎಳನೀರು. ಎದುರುಮನೆಯ ಮುದುಕಿ ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹೆಂಗಿದ್ದಾವ ಹೆಂಗಾದ್ಯೋ ಯಪ್ಪಾ! ಶಾಂತವ್ವನ್ನರೆ ಎಬ್ಬಸ್ರಿ, ಜೀವ ಇದ್ದಾಗ ಒಮ್ಮೆ ಮಾರಿ ನೋಡಲಿ!"

ಒಬ್ಬ ಬಾಗಿಲಿಗೆ ಕೈ ಹಾಕಿದ. ತಿಂಗಳುಗಳ ಮೇಲೆ ಬಂದ ಶಾಂತವ್ವನ ನಿದ್ದೆ ಕೆಡುವುದರಲ್ಲಿತ್ತು. ಮುಖವಾಡ ತೆಗೆದು ಮಾತಾಡಿದರೆ ಅವಳು ಏಳುವುದು ಖಂಡಿತ. ಮೈದಾನದಲ್ಲಿ ಪಳಗಿದ ಗಂಟಲಿಗೆ ಪಿಸುಮಾತು ಬಾರದು. ಹೀಗಾಗಿ ಬೆರಳೆತ್ತಿ ಬೇಡವೆಂದು ಸನ್ನೆ ಮಾಡಿ, ಕಣ್ಣು ಮುಚ್ಚಿಬಿಟ್ಟೆ.

"ಎಬ್ಬಸಬ್ಯಾಡ್ರಿ ಅನ್ನಾಕತ್ತಾರ. ಆಕೀ ಅಳೂದು ನೋಡಾಕ ಆಗೂದಿಲ್ಲಂತ," ಎಂದು ಗಂಗವ್ವ ಬಿಕ್ಕಿದಳು. ಎಲ್ಲರೂ ಸದ್ದಿಲ್ಲದೆ ಅಳತೊಡಗಿದರು.

"ಎಂಥಾ ಶಿಸ್ತಿನ ಮನಷ್ಯಾರೀ!" ಎಂದಿತು ಒಂದು ದನಿ. "ಸಾಯೂದ್ರಾಗೂ ನೋಡ್ರಿ, ಹೆಂಗ ನೆಟ್ಟಗ ಮಲಗ್ಯಾರ!"

ನಾನು ಹಿಮ್ಮಡಿಗಳನ್ನು ಜೋಡಿಸಿಕೊಂಡು, ಇನ್ನಷ್ಟು ನೆಟ್ಟಗಾದೆ.