ಹನ್ನೊಂದು ತಿಂಗಳ ಹೀರೆಬಳ್ಳಿ

ಯಾರ ಮನೆಗೆ ಹೋದರೂ ಜನ ಮೊದಲು ಟೀವಿ ಎಷ್ಟು ದೊಡ್ಡದು, ಸೋಫಾ ಎಷ್ಟು ಮೆತ್ತಗಿದೆ ಎಂದು ನೋಡುತ್ತಾರೆ. ನಾನು ಗೋಡೆಯಲ್ಲಿರುವ ಮೊಳೆಗಳನ್ನು ನೋಡುತ್ತೇನೆ. ಮೊಳೆಗಳು ಧಾರಾಳವಾಗಿದ್ದರೆ ಅದು ಸ್ವಂತ ಮನೆ. ಕ್ಯಾಲೆಂಡರು ಕಿಟಕಿಯ ಸರಳಿಗೆ ದಾರ ಕಟ್ಟಿಕೊಂಡು ನೇತಾಡುತ್ತಿದ್ದರೆ ಅವರು ನಮ್ಮ ಪೈಕಿ, ಅಂದರೆ ಬಾಡಿಗೆಯವರು. ಮೊಳೆ ಹೊಡೆಯುವ ಮೊದಲು ಓನರ್‌ಗೆ ಹೇಳಬೇಕು, ಹೇಳಿದರೆ ಬೇಡ ಅನ್ನುತ್ತಾರೆ, ಹೇಳದೆ ಹೊಡೆದರೆ ಸುತ್ತಿಗೆಯ ಸದ್ದು ಮೇಲಿನ ಮಹಡಿಗೆ ಕೇಳಿಸುತ್ತದೆ. ಹಾಗಾಗಿ ನಮ್ಮ ಮನೆಯ ದೇವರ ಪಟಗಳೆಲ್ಲ ಇವತ್ತಿಗೂ ಗೋಡೆಗೆ ಒರಗಿಕೊಂಡು ಕೂತಿವೆ.

ನಾನು ಸ್ವಭಾವತಃ ಹೆದರುಪುಕ್ಕಲ. ಈ ಸ್ವಭಾವಕ್ಕೆ ಸಂಬಳ ಕೊಡುವ ಕೆಲಸವೂ ಸಿಕ್ಕಿಬಿಟ್ಟಿದ್ದು ನನ್ನ ಅದೃಷ್ಟವೋ ದುರದೃಷ್ಟವೋ ತಿಳಿಯದು. ವೈಟ್‌ಫೀಲ್ಡ್ ಕಡೆಯ ಒಂದು ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರು. ಎಲ್ಲಿ ಯಾರು ಜಾರಬಹುದು, ಯಾರ ತಲೆಯ ಮೇಲೆ ಏನು ಬೀಳಬಹುದು ಎಂದು ದಿನವಿಡೀ ಊಹಿಸುತ್ತ ಓಡಾಡುವುದು, ಅಲ್ಲಲ್ಲಿ ಹಳದಿ ಬೋರ್ಡು ನಿಲ್ಲಿಸುವುದು ನನ್ನ ಕೆಲಸ. ಸಂಜೆ ಆರಾದ ಮೇಲೆ ಈ ಊಹೆಯನ್ನು ನಿಲ್ಲಿಸುವುದು ಹೇಗೆಂದು ಮಾತ್ರ ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ. ಕಾರ್ಖಾನೆಯ ನನ್ನ ಮೇಜಿನ ಮೇಲೆ ಹಳೆಯ ನೀರಿನ ಬಾಟಲಿಯಲ್ಲಿ ಒಂದು ಮನಿ ಪ್ಲಾಂಟ್ ಬಳ್ಳಿ ಇದೆ. ಪಕ್ಕದ ಮೇಜಿನ ಮಂಜು ಕೊಟ್ಟಿದ್ದು. ಅದಕ್ಕೆ ಮಣ್ಣೂ ಬೇಡ, ಯಾರ ಅನುಮತಿಯೂ ಬೇಡ ಎಂಬ ಕಾರಣಕ್ಕೆ ನನಗೆ ಅದರ ಮೇಲೆ ಬಹಳ ಪ್ರೀತಿ.

ನಾವಿರುವುದು ಕಾಡುಗೋಡಿಯಲ್ಲಿ. ಓನರಮ್ಮ ಅಕ್ಕಯ್ಯಮ್ಮ ಮೇಲಿನ ಮಹಡಿಯಲ್ಲಿದ್ದಾರೆ. ಒಂದು ಕಾಲಕ್ಕೆ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮಂಥವರು ಸಾಲಾಗಿ ಬೆಳೆದಿದ್ದೇವೆ. ನನ್ನ ಹೆಂಡತಿ ವನಜಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಬೀದಿಯ ಅರ್ಧ ಹೆಂಗಸರ ಅಳತೆ ಅವಳ ತಲೆಯಲ್ಲಿದೆ, ಅಕ್ಕಯ್ಯಮ್ಮನವರದ್ದೂ ಸೇರಿ. ಮಗಳು ಚಿನ್ನುವಿನ ಶಾಲೆಗೆ ಒಂದು ರಸ್ತೆ ದಾಟಿದರೆ ಸಾಕು. ಇದಕ್ಕೂ ಮೊದಲು ಎಷ್ಟು ಮನೆ ಬದಲಾಯಿಸಿದ್ದೇವೆ ಎಂದು ನೆನೆಸಿಕೊಂಡರೆ ಸೊಂಟ ನೋಯುತ್ತದೆ. ಒಂದು ಮನೆಯವರಿಗೆ ಮಗನ ಮದುವೆ ಬಂತು, ಇನ್ನೊಬ್ಬರಿಗೆ ವಾಸ್ತು ಬಂತು. ಪ್ರತಿ ಸಲವೂ ನಾನು ಗೂಡ್ಸ್ ಆಟೋದಲ್ಲಿ ತುಳಸಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಇದೇ ಕೊನೆ ಎಂದು ಅಂದುಕೊಂಡಿದ್ದೇನೆ. ಈ ಮನೆ ಮಾತ್ರ ಕೈತಪ್ಪಬಾರದು. ನಮ್ಮ ಅಗ್ರಿಮೆಂಟು ಎಲ್ಲರದರಂತೆ ಹನ್ನೊಂದು ತಿಂಗಳದ್ದು. ಈ ಸಲದ್ದು ಮುಗಿಯುವುದು ಏಪ್ರಿಲ್‌ನಲ್ಲಿ. ಏಪ್ರಿಲ್ ಹತ್ತಿರ ಬಂದಂತೆ ನನಗೆ ಹಸಿವು ಕಡಿಮೆಯಾಗುತ್ತದೆ.

ಹೀಗಿರುವಾಗ ಸಂಕ್ರಾಂತಿ ಕಳೆದ ಮೇಲೆ ಒಳಚರಂಡಿಯ ಪೈಪು ಒಡೆಯಿತು. ಅಂಗಳದ ಸಿಮೆಂಟು ಅಗೆದು, ಪೈಪು ಹಾಕಿ, ಮತ್ತೆ ಮುಚ್ಚುವಾಗ ಕಾಂಪೌಂಡಿನ ಮೂಲೆಗೆ ಸಿಮೆಂಟು ಸಾಲಲಿಲ್ಲ. ಒಂದು ಚಾಪೆಯ ಅರ್ಧದಷ್ಟು ಮಣ್ಣು ಹಾಗೇ ಉಳಿಯಿತು. ಕಾಡುಗೋಡಿಯಲ್ಲಿ ಈಗ ಬರೀ ಮಣ್ಣು ಕಾಣುವುದು ಟಿಪ್ಪರ್ ಲಾರಿಯ ಮೇಲೆ ಮಾತ್ರ, ಹಾಗಾಗಿ ಮನೆಯವರೆಲ್ಲ ಹೋಗಿ ಅದನ್ನು ಒಮ್ಮೆ ನೋಡಿಕೊಂಡು ಬಂದೆವು. ಅಕ್ಕಯ್ಯಮ್ಮ ಮೆಟ್ಟಿಲ ಮೇಲೆ ನಿಂತು, "ಮಣ್ಣು ಸುಮ್ನೆ ಬಿದ್ದೈತೆ ಸಾರ್. ಏನಾನ ಒಂದು ಆಕ್ಕೊಳ್ಳಿ" ಎಂದರು. ನನಗೆ ಆ "ಏನಾನ ಒಂದು" ಎನ್ನುವುದೇ ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸಿತು.

ವನಜಾಳಿಗೆ ಪ್ರಶ್ನೆಯೇ ಇರಲಿಲ್ಲ. "ಸೀಬೆ ಗಿಡ ಹಾಕೋಣ ರೀ. ಚಿನ್ನು ಹೈಸ್ಕೂಲಿಗೆ ಹೋಗೋ ಹೊತ್ತಿಗೆ ಅವಳೇ ಹತ್ತಿ ಕಿತ್ಕೋತಾಳೆ" ಎಂದಳು. ನಾನು ತಕ್ಷಣ ಚಿನ್ನು ಕೊಂಬೆಯಿಂದ ಬೀಳುವುದನ್ನು ಕಂಡೆ. ಆಮೇಲೆ ಬೇರು ನೆಲದಡಿಯ ನೀರಿನ ಸಂಪಿಗೆ ನುಗ್ಗುವುದನ್ನು, ಸಂಪು ಬಿರಿಯುವುದನ್ನು, ಹಣ್ಣಿಗೆ ಹುಡುಗರು ಬೀಸಿದ ಕಲ್ಲು ಅಕ್ಕಯ್ಯಮ್ಮನವರ ಕಿಟಕಿಗೆ ಬೀಳುವುದನ್ನು, ಬಾವಲಿಗಳು ಬರುವುದನ್ನು ಕಂಡೆ. ಗಿಡ ಹಾಕಿದವರು ನಾವು, ಮಣ್ಣು ಅವರದು, ಹಾಗಿದ್ದರೆ ಹಣ್ಣು ಯಾರದು? ಇದನ್ನೆಲ್ಲ ವಿವರಿಸಿದಾಗ ವನಜಾ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, "ಮೊದ್ಲು ಗಿಡ ಬದುಕಲಿ" ಎಂದಳು.

ಮರುದಿನ ಮಂಜುವಿನ ಹತ್ತಿರ ಸಲಹೆ ಕೇಳಿದೆ. ಅವನು ಸಲಹೆ ಕೊಡುವುದರಲ್ಲಿ ಎಂದೂ ಕೈ ಬಿಗಿ ಹಿಡಿದವನಲ್ಲ. "ಮರ ಮಾತ್ರ ಹಾಕ್ಬೇಡ ಗುರು. ಓನರ್‌ಗಳು ಹೆದರ್ಕೊಂಬಿಡ್ತಾರೆ. ಮರ ನೆಟ್ಟೋನು ನಾಳೆ ಜಾಗಾನೂ ನಂದೇ ಅಂತಾನೆ ಅಂತ ಅವರಿಗೆ ಡೌಟು. ನಮ್ ಭಾವನ ಫ್ರೆಂಡ್ ಒಬ್ನು ನುಗ್ಗೆ ಗಿಡ ಹಾಕಿ ಮನೆ ಕಳ್ಕೊಂಡ" ಎಂದ. ಭಾವನ ಸ್ನೇಹಿತನ ಕಥೆಗಳನ್ನು ನಂಬಬಾರದು ಎಂಬುದು ನನಗೆ ಗೊತ್ತು. ಆದರೂ ನುಗ್ಗೆ ಗಿಡ ಎಂಬ ವಿವರ ಇದ್ದದ್ದರಿಂದ ನಂಬಿದೆ. ಸೀಬೆ ಹಣ್ಣು ಬಿಡಲು ಎರಡು ಮೂರು ವರ್ಷ ಬೇಕು. ಹನ್ನೊಂದು ತಿಂಗಳ ಅಗ್ರಿಮೆಂಟಿನವನು ಮೂರು ವರ್ಷದ ಗಿಡ ನೆಟ್ಟರೆ ಯಾವ ಓನರಮ್ಮನಿಗೆ ತಾನೇ ಅನುಮಾನ ಬರುವುದಿಲ್ಲ?

ಹೀಗೆ ನಾನು ಬಳ್ಳಿಯ ಪಕ್ಷ ವಹಿಸಿದೆ. ಹೀರೆಬಳ್ಳಿ ಎಷ್ಟು ವಿನಯದ್ದು! ಬೇರು ಆಳಕ್ಕೆ ಹೋಗುವುದಿಲ್ಲ, ನೆರಳು ಕೇಳುವುದಿಲ್ಲ, ಎರಡು ತಿಂಗಳಲ್ಲಿ ಕಾಯಿ ಕೊಟ್ಟು, ತಾನಾಗಿಯೇ ಒಣಗಿ, ಯಾರಿಗೂ ತೊಂದರೆ ಕೊಡದೆ ಹೋಗುತ್ತದೆ. ಆದರ್ಶ ಬಾಡಿಗೆದಾರ ಎಂದರೆ ಅದೇ. ವನಜಾ, "ಗಿಡಕ್ಕೂ ಅಗ್ರಿಮೆಂಟ್ ನೋಡೋ ಗಂಡಸನ್ನ ನಾನು ಇನ್ನೆಲ್ಲೂ ಕಂಡಿಲ್ಲ" ಎಂದು ಬೈದುಕೊಂಡೇ ಬೀಜಗಳನ್ನು ನೀರಿನಲ್ಲಿ ನೆನೆಹಾಕಿದಳು. ಭಾನುವಾರ ಅಕ್ಕಯ್ಯಮ್ಮ ನೋಡಲೆಂದೇ, ಅವರು ಬಟ್ಟೆ ಒಣಹಾಕುವ ಹೊತ್ತಿಗೆ ಸರಿಯಾಗಿ ಬಿತ್ತಿದೆ. ಅವರು ಮೇಲಿನಿಂದ, "ಏನ್ ಸಾರ್ ಅದು?" ಎಂದರು. "ಹೀರೆ ಅಮ್ಮಾ, ಬರೀ ಹೀರೆ" ಎಂದೆ. ಅವರು ಒದ್ದೆ ಸೀರೆಯನ್ನು ಮತ್ತೊಮ್ಮೆ ಹಿಂಡಿ ಒಳಗೆ ಹೋದರು.

ಬಳ್ಳಿ ದಾರ ಹಿಡಿದು ಕಿಟಕಿಯ ಸರಳಿಗೆ ಬಂತು, ಕ್ಯಾಲೆಂಡರನ್ನು ಸುತ್ತಿಕೊಂಡಿತು. ಹಳದಿ ಹೂ ಬಿಟ್ಟಿತು. ಬಳ್ಳಿ ಮೇಲೇರಿದಷ್ಟೂ ಅಕ್ಕಯ್ಯಮ್ಮನವರ ಮುಖ ಇಳಿಯಿತು. ಮೊದಲೆಲ್ಲ ಸಂಜೆ ಮೆಟ್ಟಿಲ ಮೇಲೆ ಕೂತು ವನಜಾಳ ಜೊತೆ ಮಾತಾಡುತ್ತಿದ್ದವರು ಈಗ ಬಳ್ಳಿಯನ್ನೊಮ್ಮೆ ನೋಡಿ, ಉಸಿರುಬಿಟ್ಟು ಹತ್ತಿ ಹೋಗುತ್ತಿದ್ದರು. ಒಂದು ದಿನ, "ಪಾಪುಗೆ ಪರೀಕ್ಸೆ ಯಾವಾಗ ಮುಗೀತದೆ?" ಎಂದು ಕೇಳಿದರು. ಇನ್ನೊಂದು ದಿನ, ಹೊಲಿಯಲು ಕೊಟ್ಟಿದ್ದ ಬ್ಲೌಸುಗಳನ್ನೆಲ್ಲ ಒಟ್ಟಿಗೇ ಬೇಗ ಕೊಟ್ಟುಬಿಡಿ ಎಂದರು. ನನಗೆ ನಿಜವಾಗಿ ಭಯವಾಯಿತು. ಬಳ್ಳಿ ಅವರ ಬಾಲ್ಕನಿಗೆ ಕೈಚಾಚಿದ್ದೇ ತಪ್ಪಾಯಿತೇನೋ ಎಂದು ಸ್ಟೂಲು ಹತ್ತಿ ತುದಿಗಳನ್ನು ಬಿಡಿಸಿ ಕೆಳಗೆ ಬಿಟ್ಟೆ. ಸ್ಟೂಲಿನ ಮೇಲೆ ನಿಲ್ಲಬಾರದೆಂಬ ಬೋರ್ಡು ಕಾರ್ಖಾನೆಯಲ್ಲಿ ಬರೆಸಿದವನು ನಾನೇ.

ಮಾರ್ಚ್ ಕೊನೆಯ ಒಂದು ಭಾನುವಾರ ಬೆಳಿಗ್ಗೆ ಅಕ್ಕಯ್ಯಮ್ಮ ಗುರುತಿಲ್ಲದ ಗಂಡಹೆಂಡಿರಿಬ್ಬರನ್ನು ಕರೆದುಕೊಂಡು ಬಾಗಿಲಿಗೆ ಬಂದರು. "ಒಂದು ನಿಮಿಸ ಸಾರ್, ಒಳಗೆ ನೋಡ್ಕಂಡ್ ಓಗ್ತಾರೆ" ಎಂದರು. ಆ ಹೆಂಗಸು ನೇರವಾಗಿ ಅಡುಗೆಮನೆಗೆ ಹೋಗಿ ನಮ್ಮ ನಲ್ಲಿ ತಿರುಗಿಸಿ ನೋಡಿದರು. ಗಂಡ ಬಾತ್‌ರೂಮಿನ ಬಾಗಿಲು ತೆಗೆದರು. ಅಂಥ ಹೊತ್ತಿನಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಹುಷಾರು ಸಾರ್, ನೆಲ ಜಾರತ್ತೆ. ಸ್ವಿಚ್ಚನ್ನ ಒದ್ದೆ ಕೈಯಲ್ಲಿ ಮುಟ್ಬೇಡಿ" ಎಂದೆ. ಚಿನ್ನು ನನ್ನ ಅಂಗಿ ಎಳೆದು, "ಅಪ್ಪ, ಇವರು ಯಾಕೆ ಬಂದಿದ್ದಾರೆ?" ಎಂದು ಕೇಳಿದಳು. ನಾನು ಅವಳ ಕೈ ಹಿಡಿದು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟೆ.

ಅವರು ಹೋದ ಮೇಲೆ ವನಜಾ ಕೊರಳಲ್ಲಿ ಟೇಪು ಹಾಕಿಕೊಂಡೇ ಅಕ್ಕಯ್ಯಮ್ಮನವರ ದಾರಿಗೆ ಅಡ್ಡ ನಿಂತಳು.

"ನಾವೇನು ತಪ್ಪು ಮಾಡಿದ್ವಿ ಅಮ್ಮಾ? ಖಾಲಿ ಮಾಡಿ ಅಂತ ಬಾಯಿಬಿಟ್ಟು ಹೇಳ್ಬಾರ್ದಾ?"

"ಅಯ್ಯೋ, ಓಗೋರು ನೀವು!" ಎಂದರು ಅಕ್ಕಯ್ಯಮ್ಮ. ಅವರ ಕಣ್ಣಲ್ಲಿ ನೀರಿತ್ತು. "ಒಂದು ಮಾತು ಏಳ್ದಲೆ ಓಗೋಕೆ ನೋಡ್ತಿದ್ದೀರ. ಬೇಜಾರು ಮಾಡ್ಕಬೇಕಾದ್ದು ನಾನಲ್ವಾ?"

"ನಾವು ಹೋಗ್ತೀವಿ ಅಂತ ಯಾರು ಹೇಳಿದ್ದು?"

ಅಕ್ಕಯ್ಯಮ್ಮ ಗಲ್ಲ ಎತ್ತಿ ಕಿಟಕಿಯ ಕಡೆ ತೋರಿಸಿದರು. "ಅದೇ ಏಳ್ತು. ನಮ್ಮೊಲ ಗುತ್ತಿಗೆಗೆ ತಕ್ಕಂಡೋರೆಲ್ಲ ಇಂಗೇ ಮಾಡ್ತಿದ್ರು. ಈರೆ ಆಕೋರು, ಸೌತೆ ಆಕೋರು, ಕಾಯಿ ಕಿತ್ಕಂಡು ಗಂಟು ಕಟ್ಟೋರು. ಇನ್ನೊಬ್ರ ಒಲ್ದಾಗೆ ಯಾರಾನ ಮರ ಆಕ್ತಾರಾ? ಇರೋ ಮನ್ಸಿದ್ರೆ ಸೀಬೆನೋ ನಿಂಬೆನೋ ಆಕ್ತಾರೆ ಅಂತ ನಾನು ಕಾಯ್ತಿದ್ದೆ. ನೀವು ಈರೆ ಬೀಜ ಆಕ್ದಾಗ್ಲೇ ನಂಗೆ ಎದೆ ಧಸಕ್ ಅಂತು."

ವನಜಾ ನನ್ನನ್ನು ನೋಡಿದಳು. ನಾನು ಕ್ಯಾಲೆಂಡರನ್ನು ನೋಡಿದೆ, ಅದು ಬಳ್ಳಿಯೊಳಗೆ ಎಲ್ಲೋ ಇತ್ತು. "ಹಾಗಾದ್ರೆ ಈಗ ಬಂದೋರಿಗೆ...?" ಎಂದು ತೊದಲಿದೆ.

"ಅವ್ರಿಗೆ ಮನೆ ಇಡಿಸ್ಲಿಲ್ಲ. ಬಾತ್‌ರೂಮು ಜಾರ್ತೈತಂತೆ" ಎಂದರು ಅಕ್ಕಯ್ಯಮ್ಮ. ನನ್ನ ವೃತ್ತಿಜೀವನದಲ್ಲಿ ನಾನು ತಪ್ಪಿಸಿದ ಅತಿ ದೊಡ್ಡ ಅಪಘಾತ ಅದೇ.

ಮಧ್ಯಾಹ್ನದೊಳಗೆ ನಾನು ನರ್ಸರಿಗೆ ಹೋಗಿ ಸೀಬೆ ಗಿಡ ತಂದೆ. ಅಕ್ಕಯ್ಯಮ್ಮ ತಾವೇ ಗುಂಡಿ ತೋಡಿಸಿ, ಸಂಪಿನಿಂದ ದೂರಕ್ಕೆ ಎಂದು ನಾನು ಗೋಗರೆದಿದ್ದಕ್ಕೆ ಎರಡು ಗೇಣು ಸರಿಸಿ ನೆಡಿಸಿದರು. ಆಮೇಲೆ ಬಳ್ಳಿಯ ಎಳೆಯ ಹೀರೆಕಾಯಿಗಳನ್ನು ಕಿತ್ತು ವನಜಾ ಬಜ್ಜಿ ಕರಿದಳು. ಅಕ್ಕಯ್ಯಮ್ಮ ಮೆಟ್ಟಿಲ ಮೇಲೆ ಮೊದಲಿನಂತೆ ಕೂತು ತಿಂದರು. "ಅಗ್ರಿಮೆಂಟ್ ಬಿಡಿ, ಅದು ಕಾಗದ" ಎಂದರು. ಎಷ್ಟೋ ತಿಂಗಳ ಮೇಲೆ ನನಗೆ ಹೊಟ್ಟೆ ತುಂಬ ಹಸಿವಾಗಿತ್ತು.

ಸೋಮವಾರ ಸಿಳ್ಳೆ ಹಾಕುತ್ತ ಕಾರ್ಖಾನೆಗೆ ಹೋದೆ. ಅಲ್ಲಿ ಗುಸುಗುಸು ನಡೆದಿತ್ತು. ಅತ್ತಿಬೆಲೆಯಲ್ಲಿ ಕಂಪನಿಯ ಹೊಸ ಶೆಡ್ಡು ಏಳುತ್ತಿದೆಯಂತೆ, ಇಲ್ಲಿಂದ ಕೆಲವರನ್ನು ಅಲ್ಲಿಗೆ ಹಾಕುತ್ತಾರಂತೆ. ಕಾಡುಗೋಡಿಯಿಂದ ಅತ್ತಿಬೆಲೆಗೆ ದಿನಾ ಓಡಾಡುವುದೆಂದರೆ ಮನೆಯನ್ನು ಬಸ್ಸಿನಲ್ಲೇ ಮಾಡಬೇಕು. ನನ್ನ ಪಾಲಿಗೆ ಅಂಥದ್ದೇನೂ ಬರಲಾರದು ಎಂದು ಸೀಬೆ ಗಿಡವನ್ನು ನೆನೆದು ಧೈರ್ಯ ತಂದುಕೊಂಡೆ. ಅಷ್ಟರಲ್ಲಿ ಎಂದೂ ನನ್ನ ಮೇಜಿನ ಹತ್ತಿರ ನಿಲ್ಲದ ದೊಡ್ಡ ಮ್ಯಾನೇಜರು ನಿಂತರು. ನನ್ನನ್ನಲ್ಲ, ಬಾಟಲಿಯಲ್ಲಿದ್ದ ಬಳ್ಳಿಯನ್ನು ನೋಡುತ್ತಿದ್ದರು.

"ಚೆನ್ನಾಗಿ ಬೆಳೆದಿದೆ ಕಣ್ರೀ. ಇದೊಂದು ಆರಾಮು ನೋಡಿ, ಎಲ್ಲಿಗೆ ಬೇಕಾದ್ರೂ ಎತ್ಕೊಂಡು ಹೋಗ್ಬಹುದು" ಎಂದು ನಕ್ಕು ಮುಂದೆ ಹೋದರು.

ಸಂಜೆ ನಾನು ಮನೆಗೆ ಹೋಗುವ ಮೊದಲು ಮತ್ತೆ ಆ ನರ್ಸರಿಗೆ ಹೋದೆ. ನಿನ್ನೆಯ ಗಿಡ ಬದುಕಿದೆಯೇ ಎಂದು ಕೇಳಲು ಬಂದಿರಬೇಕು ಅಂದುಕೊಂಡು ನರ್ಸರಿಯವನು ಎದ್ದು ಬಂದ. ಮೇಜಿನ ಮೇಲೆ ಇಡುವಂಥ, ಆದರೆ ಎತ್ತಲು ಆಗದಂಥ ಹಣ್ಣಿನ ಮರ ಏನಾದರೂ ಇದೆಯೇ ಎಂದು ಕೇಳಿದೆ.