ಬೇಕರಿಯವನ ಬ್ರೆಡ್ ಸಂನ್ಯಾಸ

ಬೇಕರಿಯವನಿಗೆ ಬ್ರೆಡ್ಡೇ ಬೇಡವಾಯಿತು ಅಂದರೆ ನಂಬುತ್ತೀರಾ? ನಂಬಲೇಬೇಕು. ಒಂದು ಬೆಳಿಗ್ಗೆ ಒಲೆಗೂ ಗಲ್ಲಾಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ಆತನ ಹೊಟ್ಟೆ ಸಿಕ್ಕಿಕೊಂಡಿತು. ಹೆಂಡತಿ ಒಂದು ಕೈ, ಮೈದಾ ಮೂಟೆ ಹೊತ್ತು ತಂದವನು ಇನ್ನೊಂದು ಕೈ ಹಿಡಿದು ಜಗ್ಗಿದ ಮೇಲೆಯೇ ವಿಮೋಚನೆ. ಹೊರಬಂದವನೇ ಭೀಷ್ಮಪ್ರತಿಜ್ಞೆ ಮಾಡಿದ.

"ನಾಳೆಯಿಂದ ಜಿಮ್ಮು! ಇನ್ನು ಕಾರ್ಬ್ಸ್ ಮುಟ್ಟಿದ್ರೆ ಕೇಳು!"

"ಕಾರ್ಬ್ಸ್ ಅಂದ್ರೇನ್ರೀ?"

"ಈ ಅಂಗಡೀಲಿ ಇರೋದೆಲ್ಲಾ."

"ನನ್ನನ್ನೂ ಸೇರಿಸಿಯೋ?" ಎಂದಳು ಹೆಂಡತಿ.

ಜಿಮ್ಮಿನ ಗುರು ಉಪದೇಶ ಕೊಟ್ಟ: ಕಸರತ್ತು ಮುಗಿದೊಡನೆ ಮೊಟ್ಟೆ ತಿನ್ನು, ಮೀನು ತಿನ್ನು, ಒಂದು ಹಿಡಿ ಬಾದಾಮಿ ತಿನ್ನು, ಬ್ರೆಡ್ಡಿನ ಕಡೆ ತಿರುಗಿಯೂ ನೋಡಬೇಡ. (ತಿರುಗಿ ನೋಡದೆ ಬ್ರೆಡ್ ಸುಡುವುದು ಹೇಗೆಂದು ಗುರು ಹೇಳಲಿಲ್ಲ.) ನಮ್ಮವನು ಭಾರ ಎತ್ತಿ, ಬೆವರಿಳಿಸಿಕೊಂಡು ಬಂದು, ಘಮಘಮಿಸುವ ಬನ್ನುಗಳ ನಡುವೆ ನಿಂತು ಬೇಯಿಸಿದ ಮೊಟ್ಟೆ ಸುಲಿಯತೊಡಗಿದ. ಹೊಟ್ಟೆ ಕರಗಿತು, ತೋಳು ಉಬ್ಬಿತು.

ಆದರೆ ಒಂದು ಎಡವಟ್ಟಾಯಿತು. ಒಲೆಯಿಂದ ಬಂದ ಮೊದಲ ಬ್ರೆಡ್ಡಿನ ತುದಿ ಮುರಿದು, ಗಿರಾಕಿಗಳ ಎದುರೇ ಬಾಯಿಗೆ ಹಾಕಿಕೊಂಡು ತಲೆದೂಗುವುದು ಆತನ ಹಳೆಯ ರೂಢಿ. ಆ ತಲೆ ತೂಗಿದ ಮೇಲೆಯೇ ಜನ ಚೀಲ ಬಿಚ್ಚುತ್ತಿದ್ದರು. ಈಗ ತಲೆ ತೂಗುವುದೇ ನಿಂತಿತು. ಮಾಡಿದವನೇ ತಿನ್ನುತ್ತಿಲ್ಲವೆಂದರೆ ಏನೋ ಇದೆ ಎಂದು ಗುಸುಗುಸು ಶುರುವಾಗಿ, ಸಂಜೆಯಾದರೂ ಕಪಾಟು ಖಾಲಿಯಾಗದಾಯಿತು.

"ನಿಮ್ಮ ತೋಳು ಉಬ್ತು, ವ್ಯಾಪಾರ ಸೊರಗ್ತು. ಹೀಗೇ ಆದ್ರೆ ಬೀಗ ಹಾಕ್ಬೇಕಾಗುತ್ತೆ. ಒಂದೇ ಒಂದು ಚೂರು ತಿಂದ್ರೆ ಏನ್ರೀ ಗಂಟು ಹೋಗುತ್ತೆ?"

"ಪ್ರಾಣ ಹೋದ್ರೂ ಇಲ್ಲ ಕಣೇ!"

ಮರುದಿನ ನಿವೃತ್ತ ಹೆಡ್‌ಮೇಷ್ಟ್ರು ಬಂದರು, ಬೆನ್ನ ಹಿಂದೆ ಅರ್ಧ ಬೀದಿಯನ್ನೇ ಕಟ್ಟಿಕೊಂಡು. ಬಿಸಿ ಬ್ರೆಡ್ಡಿನ ತುಂಡಿಗೆ ಬೆಣ್ಣೆ ಸವರಿ ಆತನ ಮೂಗಿನಡಿ ಹಿಡಿದರು. "ತಿಂದು ತೋರ್ಸಪ್ಪ. ಇಲ್ಲಾಂದ್ರೆ ನಾವು ಬೇರೆ ಅಂಗಡಿ ನೋಡ್ಕೋತೀವಿ."

ಆಗಷ್ಟೇ ಜಿಮ್ಮಿನಿಂದ ಬಂದ ಮೈ. ಹೊಟ್ಟೆಯಲ್ಲಿ ಇಲಿಗಳಲ್ಲ, ಹೆಗ್ಗಣಗಳೇ ಓಡುತ್ತಿದ್ದವು. ಬೆಣ್ಣೆ ಕರಗಿ ಅಂಚಿಗೆ ಜಾರಿತು. ಬಲಗೈ ಯಜಮಾನನ ಅಪ್ಪಣೆ ಕೇಳದೆ ಹೊರಟೇಬಿಟ್ಟಿತು! ಎಡಗೈ ಅದರ ಮಣಿಕಟ್ಟು ಹಿಡಿಯಿತು. ಎರಡು ಕೈಗಳಿಗೂ ಘನಘೋರ ಯುದ್ಧ. ಆತ ಹಲ್ಲು ಕಚ್ಚಿ, ಕಣ್ಣು ಮುಚ್ಚಿದ; ಕೊನೆಗೆ ಎಡಗೈಯೇ ಗೆದ್ದಿತು.

"ಇಲ್ಲ! ತಿನ್ನಲ್ಲ!" ಎಂದು ಗುಡುಗಿದ ವೀರ.

ಜನ ಬಾಗಿಲ ಕಡೆ ತಿರುಗಿದರು. ಹೆಂಡತಿ ಅಡ್ಡ ಬಂದಳು.

"ನಿಲ್ಲಿ ಮೇಷ್ಟ್ರೇ! ಆ ಕೈ ಒದ್ದಾಡಿದ್ದು ನೋಡಿದ್ರಲ್ಲ? ಒಂದು ತುಂಡು ಬಾಯಿಗೆ ಬಿದ್ರೆ ಇಡೀ ಕಪಾಟು ನುಂಗ್ತಾರೆ. ಅಷ್ಟು ರುಚಿ! ನಿಮಗೂ ಒಂದಿಷ್ಟು ಉಳೀಲಿ ಅಂತ ನಾನೇ ಬಾಯಿ ಕಟ್ಟಿಸಿದ್ದೀನಿ."

ಮೇಷ್ಟ್ರು ಇನ್ನೂ ಬ್ರೆಡ್ಡಿನತ್ತಲೇ ಚಾಚುತ್ತಿದ್ದ ಆತನ ಬಲಗೈಯನ್ನು ನೋಡಿದರು. ಕೈಯಲ್ಲಿದ್ದ ತುಂಡನ್ನು ತಾವೇ ಬಾಯಿಗೆ ಹಾಕಿಕೊಂಡರು. "ನಂಗೆ ಎರಡು ಕೊಡಮ್ಮಾ, ಬೇಗ!" ಎಂದರು. ಅಷ್ಟೇ, ಅಂಗಡಿಗೆ ಜನ ಮುಗಿಬಿದ್ದರು. ಮಧ್ಯಾಹ್ನದ ಹೊತ್ತಿಗೆ ಕಪಾಟಿನಲ್ಲಿ ಪುಡಿಯೂ ಉಳಿಯಲಿಲ್ಲ.

"ನೋಡ್ದ್ಯಾ? ಎಲ್ಲಾ ನನ್ನ ಮನೋಬಲ!" ಎಂದು ಆತ ಎದೆಯುಬ್ಬಿಸಿ ಬೀದಿಗೇ ಬಂದು ನಿಂತ, ನಾಲ್ಕು ಜನ ನೋಡಲಿ ಎಂದು.

ನೋಡಿದರು. ಕೊನೆಯ ಬ್ರೆಡ್ ಕೊಂಡಿದ್ದ ಅಜ್ಜಿ ಆತನನ್ನು ಕಂಡದ್ದೇ ತಡ, ಚೀಲವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಎದುರು ಬದಿಗೆ ದಾಟಿದರು.

"ಅಲ್ಲೇ ಇರಪ್ಪಾ," ಎಂದರು, "ಮನೇಲಿ ಮೊಮ್ಮಕ್ಕಳಿದ್ದಾರೆ."